ರಾಗಿ ಹೊಲ ಸೈಟಾಗುವ ಲೆಕ್ಕ

ಹೊಸಕೋಟೆ ಕಡೆ ಒಂದು ಎಕರೆ ರಾಗಿ ಹೊಲ ಇದೆ ಎಂದುಕೊಳ್ಳಿ. ಮಳೆ ಸರಿಯಾಗಿ ಬಿದ್ದರೆ 12 ಕ್ವಿಂಟಾಲ್ ಬರಬಹುದು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಒಟ್ಟು 58 ಸಾವಿರ ಚಿಲ್ಲರೆ. ಇದರಲ್ಲೇ ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರ, ಕಳೆ ಕೀಳುವ ಕೂಲಿ, ಕಟಾವು ಎಲ್ಲವೂ ಹೋಗಬೇಕು. ಇಂಥ ಹೊಲಕ್ಕೆ ಒಬ್ಬರು ಬಂದು ಎರಡು ಕೋಟಿ ಕೊಡುತ್ತೇನೆ ಅನ್ನುತ್ತಾರೆ. ಆ ದುಡ್ಡನ್ನು ಬ್ಯಾಂಕಿನಲ್ಲಿಟ್ಟು ಸುಮ್ನೆ ಕೂತರೂ ಶೇ 7ರ ಬಡ್ಡಿಗೆ ವರ್ಷಕ್ಕೆ 14 ಲಕ್ಷ.

ಈಗ ಕೊಳ್ಳುವವರ ಲೆಕ್ಕ ನೋಡಿ. ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ಕಾನೂನಿನ ಪ್ರಕಾರ ಲೇಔಟ್ ಮಾಡಿದರೆ ರಸ್ತೆ, ಪಾರ್ಕು, ಸಾರ್ವಜನಿಕ ಜಾಗ ಅಂತ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ. 30x40 ಅಳತೆಯ ಸುಮಾರು 20 ಸೈಟು. ಅಡಿಗೆ 4,000 ರೂಪಾಯಿ ಇಟ್ಟರೆ ಸೈಟಿಗೆ 48 ಲಕ್ಷ, ಒಟ್ಟು 9 ಕೋಟಿ 60 ಲಕ್ಷ. ಕಾನೂನು ಬೇಡ, ಮಂಜೂರಾತಿ ಇಲ್ಲದ ರೆವಿನ್ಯೂ ಸೈಟ್ ಮಾಡಿ ಮಾರೋಣ ಅಂದರೆ ಇಪ್ಪತ್ತು ಅಡಿ ಮಣ್ಣಿನ ರಸ್ತೆ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಕಲ್ಲು ನೆಟ್ಟರಾಯಿತು. 25 ಸೈಟು ಸಿಗುತ್ತದೆ. ಅಡಿಗೆ 2,500ರಂತೆ ಸೈಟಿಗೆ 30 ಲಕ್ಷ, ಒಟ್ಟು ಏಳೂವರೆ ಕೋಟಿ. ಚರಂಡಿ ಇಲ್ಲ, ನೀರಿನ ಪೈಪಿಲ್ಲ, ಪಾರ್ಕಿಲ್ಲ. ಹಾಗಾಗಿ ಖರ್ಚೂ ಇಲ್ಲ.

ಈ ದರಗಳು ನಾನು ಲೆಕ್ಕಕ್ಕೆ ಇಟ್ಟುಕೊಂಡವು. ಊರಿಂದ ಊರಿಗೆ, ರಸ್ತೆಯಿಂದ ರಸ್ತೆಗೆ ಬದಲಾಗುತ್ತವೆ. ಆದರೆ ವರ್ಷಕ್ಕೆ 58 ಸಾವಿರ ಹುಟ್ಟುವ ನೆಲಕ್ಕೂ ಅದೇ ನೆಲದ ಏಳೂವರೆ ಕೋಟಿ ಬೆಲೆಗೂ ಇರುವ ಅಂತರ ಮಾತ್ರ ನಿಜ. ಬೆಂಗಳೂರು ಹೊರಗೆ ಹೊರಗೆ ಹರಡುತ್ತಿರುವುದಕ್ಕೆ ಕಾರಣ ಹುಡುಕುವವರು ಮೊದಲು ಈ ಅಂತರದಲ್ಲಿ ಹುಡುಕಬೇಕು. ಇದು ಹುಟ್ಟುವುದು ಹೇಗೆ, ಯಾರ ಜೇಬಿಗೆ ಹೋಗುತ್ತದೆ, ಅದನ್ನು ಕಾಯುವವರು ಯಾರು ಎಂದು ಕೇಳಿದರೆ ಊರಿನ ನಕ್ಷೆ ತಾನಾಗಿ ಅರ್ಥವಾಗುತ್ತದೆ.

ಸಾಮಾನ್ಯವಾಗಿ ಹೇಳುವ ಕಾರಣ ಜನಸಂಖ್ಯೆ. ಅದು ಸುಳ್ಳಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಎಂಟು ಲಕ್ಷಕ್ಕೂ ಕಡಿಮೆ ಜನ ಇದ್ದರು, 2011ರಲ್ಲಿ 85 ಲಕ್ಷದ ಆಸುಪಾಸು. 2001ರಿಂದ 2011ರ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ 15.6 ಹೆಚ್ಚಿದರೆ ಬೆಂಗಳೂರು ನಗರ ಜಿಲ್ಲೆಯದು ಶೇ 47ರಷ್ಟು ಹೆಚ್ಚಿತು. ಆಮೇಲೆ ಜನಗಣತಿಯೇ ಆಗಿಲ್ಲ. 2011ರಲ್ಲಿ ಪ್ರಕಟವಾದ, ಜಗತ್ತಿನ ನೂರಾರು ನಗರಗಳನ್ನು ನೋಡಿದ ಒಂದು ಅಧ್ಯಯನ ಕೂಡ ಇದನ್ನೇ ಹೇಳಿತು. 1970ರಿಂದ 2000ದವರೆಗೆ ಚೀನಾದಲ್ಲಿ ನಗರ ಹರಡಿದ್ದಕ್ಕೆ ಸುಮಾರು ಅರ್ಧ ಕಾರಣ ತಲಾ ಆದಾಯ ಏರಿದ್ದು. ಭಾರತ, ಆಫ್ರಿಕಾಗಳಲ್ಲಿ ಮಾತ್ರ ಜನ ಹೆಚ್ಚಿದ್ದೇ ಮುಖ್ಯ ಕಾರಣ.

2000ದವರೆಗಿನ ಭಾರತಕ್ಕೆ ಆ ಮಾತು ಸರಿ ಇರಬಹುದು. ಅದರ ನಂತರದ ಬೆಂಗಳೂರಿಗೆ ಅದು ಸಾಲದು. ಜನ ಬಂದದ್ದಕ್ಕೆ ಮನೆ ಬೇಕಾಯಿತು ಅನ್ನೋಣ. ಹಾಗಿದ್ದರೆ ಊರಿನ ಅಂಚಿನಲ್ಲಿ ಲೇಔಟ್ ಲೇಔಟೇ ಖಾಲಿ ಬಿದ್ದಿರುವುದು ಯಾಕೆ? ಕೊಮ್ಮಘಟ್ಟದ ಕಡೆ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ. ಸೈಟು ಹಂಚಿ ವರ್ಷಗಳೇ ಆದವು, ಮನೆಗಳು ಅಲ್ಲೊಂದು ಇಲ್ಲೊಂದು. ಖಾಸಗಿ ಲೇಔಟುಗಳಲ್ಲೂ ಅದೇ ಕಥೆ. ಆನೇಕಲ್ಲಿನಲ್ಲೋ ದೊಡ್ಡಬಳ್ಳಾಪುರದಲ್ಲೋ ಸೈಟ್ ತೆಗೆದುಕೊಂಡವರು ಮಲ್ಲೇಶ್ವರದಲ್ಲೋ, ಹಾಸನದಲ್ಲೋ, ನ್ಯೂಜೆರ್ಸಿಯಲ್ಲೋ ಇರುತ್ತಾರೆ. ಮಗಳ ಮದುವೆಗೆ ಆಗುತ್ತೆ, ರಿಟೈರ್ ಆದಮೇಲೆ ಆಗುತ್ತೆ ಅಂತ ತೆಗೆದದ್ದು. ಚಿನ್ನಕ್ಕಿಂತ ಸೈಟ್ ವಾಸಿ ಅನ್ನುವ ಮಾತು ನಮ್ಮ ಮಧ್ಯಮ ವರ್ಗದಲ್ಲಿ ಹೆಚ್ಚುಕಡಿಮೆ ವೇದವಾಕ್ಯ. ಷೇರು ಅರ್ಥವಾಗಲ್ಲ, ಬ್ಯಾಂಕ್ ಬಡ್ಡಿ ಸಾಲಲ್ಲ. ನೆಲ ಕಣ್ಣಿಗೆ ಕಾಣುತ್ತೆ, ಅಲ್ವಾ?

ಮೊದಮೊದಲು ಊರು ಹಿಗ್ಗಿದ ರೀತಿ ಬೇರೆ ಇತ್ತು. ಕೆಲಸ ಮೊದಲು, ಮನೆ ಆಮೇಲೆ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, ಆಮೇಲೆ ಎಚ್‌ಎಂಟಿ, ಬಿಇಎಲ್. ಕಾರ್ಖಾನೆಯ ಪಕ್ಕದಲ್ಲೇ ಅದರ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ. ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಜಯನಗರದಂಥ ಬಡಾವಣೆ ಮಾಡಿದಾಗ ಬಸ್ಸು, ಮಾರ್ಕೆಟ್ಟು, ಆಟದ ಮೈದಾನ ಎಲ್ಲ ಒಟ್ಟಿಗೆ ಯೋಚಿಸಿತ್ತು. ಎಪ್ಪತ್ತರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಸಿಟಿಗೆ ಹೊಸೂರು ರಸ್ತೆಯಲ್ಲಿ 332 ಎಕರೆ ಹಿಡಿದಾಗ ಅಷ್ಟು ದೂರ ಯಾರು ಹೋಗುತ್ತಾರೆ ಎಂದವರೇ ಹೆಚ್ಚು. ತೊಂಬತ್ತರ ದಶಕದಲ್ಲಿ ಅಲ್ಲಿಗೆ ಸಾಫ್ಟ್‌ವೇರ್ ಬಂತು, ವೈಟ್‌ಫೀಲ್ಡಿಗೆ ಐಟಿಪಿಎಲ್ ಟೆಕ್ ಪಾರ್ಕ್ ಬಂತು. ಈ ಸಲ ಕಂಪನಿ ಬಂದರೂ ಕ್ವಾರ್ಟರ್ಸು ಬರಲಿಲ್ಲ. ಸಾವಿರಾರು ಜನಕ್ಕೆ ಸಂಬಳ ಕೊಟ್ಟು, ಮನೆ ನೀವೇ ಹುಡುಕಿಕೊಳ್ಳಿ ಎಂದು ಬಿಟ್ಟಿತು. ಆ ಸಂಬಳ ಸುತ್ತಲಿನ ಹಳ್ಳಿಗಳ ನೆಲದ ಮೇಲೆ ಬಂದು ಬಿತ್ತು.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಬರುವ ಮೊದಲಿದ್ದ ಪಾಲಿಕೆಯ ವ್ಯಾಪ್ತಿ 226 ಚದರ ಕಿಲೋಮೀಟರ್. 2007ರಲ್ಲಿ ಬೊಮ್ಮನಹಳ್ಳಿ, ಮಹದೇವಪುರ, ಯಲಹಂಕ ಸೇರಿದಂತೆ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಸೇರಿಸಿದಾಗ ಅದು 700 ದಾಟಿತು. ಒಂದು ಅಧಿಸೂಚನೆಯಲ್ಲಿ ಊರು ಮೂರು ಪಟ್ಟು. ಆದರೆ ಆ ಹಳ್ಳಿಗಳು ಆ ದಿನ ನಗರವಾಗಲಿಲ್ಲ, ಅಲ್ಲಿ ಆಗಲೇ ಮನೆಗಳೆದ್ದಿದ್ದವು. ಬೆಂಗಳೂರಿನ ಗಡಿ ಯಾವತ್ತೂ ಹೀಗೇ. ಮೊದಲು ನೆಲ ಮಾರಾಟ, ಆಮೇಲೆ ಮನೆ, ಆಮೇಲೆ ರಸ್ತೆ, ಕೊನೆಗೆ ಪಾಲಿಕೆ. ನೀರು ಅದಕ್ಕೂ ಆಮೇಲೆ. ಆ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅಷ್ಟೂ ದಿನ ಕೊಳವೆಬಾವಿ ಮತ್ತು ಟ್ಯಾಂಕರ್. ಅದೇ ವರ್ಷದ ಬೇಸಿಗೆಯಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಬೇಕಾಗಿ ಬಂದಿದ್ದು ನೆನಪಿರಬಹುದು.

ಹಾಗಾದರೆ ಕೃಷಿ ಭೂಮಿಯನ್ನು ಉಳಿಸುವ ಕಾನೂನು ಇರಲಿಲ್ಲವೇ? ಇತ್ತು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಕೃಷಿಕರಲ್ಲದವರು, ಬೇರೆ ಆದಾಯ ಜಾಸ್ತಿ ಇರುವವರು ಜಮೀನು ಕೊಳ್ಳದಂತೆ ತಡೆದಿದ್ದವು. ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಪರಿವರ್ತನೆ ಆದೇಶ ಬೇಕಿತ್ತು. ಜನ ಇದನ್ನೇ ಡಿಸಿ ಕನ್ವರ್ಷನ್ ಅನ್ನುವುದು. ಅದರ ಮೇಲೆ ಯೋಜನಾ ಪ್ರಾಧಿಕಾರದ ಲೇಔಟ್ ಮಂಜೂರಾತಿ. ಕಾಗದದಲ್ಲಿ ಬೇಲಿ ಗಟ್ಟಿಯಾಗಿಯೇ ಇತ್ತು.

ಆದರೆ ದಾಟಲು ದುಡ್ಡು, ಸಮಯ, ಪರಿಚಯ ಬೇಕಾದ ಬೇಲಿ ಅದು. ಅದು ಮಾರಾಟವನ್ನು ನಿಲ್ಲಿಸಲಿಲ್ಲ, ಅಡ್ಡದಾರಿಗೆ ಬೆಲೆ ಕಟ್ಟಿತು. ಜಮೀನಿರುವ ನೆಂಟರ ಹೆಸರಲ್ಲಿ ಕೊಳ್ಳುವುದು, ಕ್ರಯಪತ್ರದ ಬದಲು ಜಿಪಿಎ, ಅಂದರೆ ಅಧಿಕಾರ ಪತ್ರ, ಬರೆಸಿಕೊಳ್ಳುವುದು, ಎಕರೆಯನ್ನು ಗುಂಟೆಗಳಾಗಿ ನೋಂದಣಿ ಮಾಡಿಸುವುದು, ಗ್ರಾಮಠಾಣಾದ (ಹಳ್ಳಿಯ ಮನೆಗಳಿರುವ ಜಾಗದ) ಹೊರಗಿನ ಸೈಟಿಗೂ ಪಂಚಾಯಿತಿ ಖಾತೆ ಮಾಡಿಸುವುದು. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆಯಿತು. ಪಂಚಾಯಿತಿ ಖಾತೆಗಳನ್ನು ಕಂಪ್ಯೂಟರಿಗೆ ತಂದ ಇ-ಸ್ವತ್ತು ಈ ವ್ಯಾಪಾರಕ್ಕೆ ಒಂದಷ್ಟು ಕಡಿವಾಣ ಹಾಕಿತು, ಪೂರ್ತಿ ಅಲ್ಲ. 2020ರ ತಿದ್ದುಪಡಿಯಲ್ಲಿ 79ಎ, 79ಬಿಗಳನ್ನೇ ಕಿತ್ತುಹಾಕಿದರು. ಈಗ ಯಾರು ಬೇಕಾದರೂ ಜಮೀನು ಕೊಳ್ಳಬಹುದು. ರೈತನಿಗೆ ಒಳ್ಳೆ ಬೆಲೆ ಸಿಗುತ್ತೆ ಅನ್ನುವುದು ಸರ್ಕಾರದ ವಾದವಾಗಿತ್ತು. ಬೆಲೆ ಸಿಗುವುದು ನಿಜವೇ. ಆದರೆ ಕೊಂಡವರಲ್ಲಿ ಎಷ್ಟು ಜನ ರಾಗಿ ಬಿತ್ತುತ್ತಿದ್ದಾರೆ ಎಂಬುದನ್ನು ಕನಕಪುರ ರಸ್ತೆಯ ‘ಫಾರ್ಮ್ ಪ್ಲಾಟ್’ ಬೋರ್ಡುಗಳೇ ಹೇಳುತ್ತವೆ.

ರೈತರು ಮಾರುವುದು ಬರೀ ಆಸೆಗಲ್ಲ ಎಂಬುದನ್ನೂ ಹೇಳಬೇಕು. ಅಜ್ಜನ ಹೆಸರಲ್ಲಿ ನಾಲ್ಕು ಎಕರೆಯ ಜಂಟಿ ಪಹಣಿ. ನಾಲ್ಕು ಮಕ್ಕಳು, ಹತ್ತು ಮೊಮ್ಮಕ್ಕಳು. ಪಾಲಾದರೆ ಒಬ್ಬೊಬ್ಬರಿಗೆ ಗುಂಟೆ ಲೆಕ್ಕ. ಪಾಲನ್ನು ಅಳೆದು ಬೇರೆ ಮಾಡುವ ಪೋಡಿಗೆ ಅರ್ಜಿ ಹಾಕಿದರೆ ಸರ್ವೆಯವರು ಬರುವುದು ಯಾವಾಗಲೋ. ಇಷ್ಟರಲ್ಲಿ ಒಬ್ಬ ತಮ್ಮನಿಗೆ ಸಾಲ, ಇನ್ನೊಬ್ಬರ ಮನೆಯಲ್ಲಿ ಆಸ್ಪತ್ರೆ ಖರ್ಚು. ಪಕ್ಕದ ಜಮೀನು ಲೇಔಟಾಗಿ ಕಾಲುವೆ ಮುಚ್ಚಿರುತ್ತದೆ, ಕೊಳವೆಬಾವಿ ಬತ್ತಿರುತ್ತದೆ, ದನ ಮೇಯಿಸಲು ಗೋಮಾಳ ಉಳಿದಿರುವುದಿಲ್ಲ. ಆ ಹೊತ್ತಿಗೆ ಬರುವ ಬ್ರೋಕರು ಒಂದು ಕೆಲಸ ಮಾಡಿಕೊಡುತ್ತಾನೆ. ಎಲ್ಲ ಪಾಲುದಾರರ ಸಹಿಯನ್ನು ಒಂದೇ ಅಗ್ರಿಮೆಂಟಿನ ಕೆಳಗೆ ತರುತ್ತಾನೆ. ಕರ್ನಾಟಕದಲ್ಲಿ 1994ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲಿದೆ. ಹಳ್ಳಿಯಲ್ಲಿ ಎಷ್ಟೋ ಅಕ್ಕತಂಗಿಯರಿಗೆ ಆ ಪಾಲು ಕಣ್ಣಿಗೆ ಕಂಡಿದ್ದು ಜಮೀನು ಮಾರುವ ದಿನ, ಸಹಿ ಹಾಕಲು ಕರೆದಾಗ. ಸಾಗುವಳಿ ನಡೆಯುವಾಗ ಅವರನ್ನು ಯಾರೂ ಕೇಳಿರುವುದಿಲ್ಲ.

ಇನ್ನು ರಸ್ತೆ. ಲಾರಿಗಳು ಊರೊಳಗೆ ಬರದಿರಲಿ ಎಂದು ಹೊರವರ್ತುಲ ರಸ್ತೆ ಮಾಡಿದರು. ಹಾಕಿದ ಕೆಲವೇ ವರ್ಷಗಳಲ್ಲಿ ಮಾರತ್‌ಹಳ್ಳಿ, ಬೆಳ್ಳಂದೂರಿನ ಕಡೆ ಅದೇ ಊರಿನ ಅತಿ ದಟ್ಟ ಕಚೇರಿ ಬೀದಿಯಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದಾಗ ಹೆಬ್ಬಾಳದಿಂದ ಆಚೆ ದ್ರಾಕ್ಷಿ ತೋಟಗಳ ಬೆಲೆ ಬೇರೆಯೇ ಆಗಿತ್ತು. ರಸ್ತೆ ನಿಜವಾಗಿ ಆಗಬೇಕೆಂದೂ ಇಲ್ಲ, ಘೋಷಣೆ ಆದರೆ ಸಾಕು. ಹೊರವರ್ತುಲ ರಸ್ತೆಗೂ ಆಚೆ ಮಾಡಬೇಕೆಂದಿದ್ದ ಪೆರಿಫೆರಲ್ ರಿಂಗ್ ರೋಡನ್ನೇ ನೋಡಿ. ಇಪ್ಪತ್ತು ವರ್ಷದ ಹಿಂದೆ ಅಧಿಸೂಚನೆ ಬಂತು. ಪರಿಹಾರ ಯಾವ ಕಾನೂನಿನ ಪ್ರಕಾರ ಎಂಬ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಹೆಸರೂ ಬದಲಾಯಿತು. ಆ 73 ಕಿಲೋಮೀಟರ್ ಪಟ್ಟಿಯೊಳಗೆ ಸರ್ವೆ ನಂಬರ್ ಇದ್ದವರು ಮಾರಲೂ ಆಗದೆ, ಸಾಲ ಎತ್ತಲೂ ಆಗದೆ ಕೂತರು. ಪಟ್ಟಿಯಿಂದ ಐನೂರು ಅಡಿ ಆಚೆ ಇದ್ದವರು ಇಲ್ಲದ ರಸ್ತೆಯನ್ನು ತೋರಿಸಿ ಲೇಔಟ್ ಮಾರಿದರು. ಅದಕ್ಕೂ ಹೊರಗೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಪೋಣಿಸುವ ಸ್ಯಾಟಲೈಟ್ ಟೌನ್ ರಿಂಗ್ ರೋಡು ತಮಿಳುನಾಡಿನ ಹೊಸೂರನ್ನೂ ಮುಟ್ಟಿ ಸುತ್ತುವರಿಯುತ್ತದೆ. ಅತ್ತಿಬೆಲೆ ದಾಟಿದರೆ ರಾಜ್ಯ ಬದಲಾಗುತ್ತದೆ, ಸೈಟಿನ ಬೋರ್ಡುಗಳು ಬದಲಾಗುವುದಿಲ್ಲ.

ಇಲ್ಲಿ ಒಂದು ವಿಷಯದ ಮೇಲೆ ಜಾಸ್ತಿ ಚರ್ಚೆ ಆಗಲ್ಲ. ಸರ್ಕಾರ ಅಂದರೆ ಇದನ್ನು ತಡೆಯುವುದು, ಬೇಲಿ ಕಾಯುವುದು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ನೆಲದ ವ್ಯಾಪಾರದಲ್ಲಿ ಅದೂ ಪಾಲುದಾರ. ಹೊಲ ಹೊಲವಾಗಿದ್ದರೆ ಒಂದು ತಲೆಮಾರಿಗೆ ಒಮ್ಮೆ ಕೈ ಬದಲಾಗಬಹುದು. ಅದು 25 ಸೈಟಾದರೆ ಪ್ರತಿ ಸೈಟೂ ಐದು ಹತ್ತು ವರ್ಷಕ್ಕೊಮ್ಮೆ ಮಾರಾಟವಾಗುತ್ತದೆ, ಪ್ರತಿ ಸಲ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಬೀಳುತ್ತದೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ 2ಕ್ಕೆ ಏರಿಸಿದ್ದಾರೆ. ರಾಜ್ಯಕ್ಕೆ ಈ ಬಾಬ್ತಿನಿಂದ ವರ್ಷಕ್ಕೆ 20 ಸಾವಿರ ಕೋಟಿಗೂ ಹೆಚ್ಚು ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಬೆಂಗಳೂರು ಸುತ್ತಮುತ್ತಲಿನದು. ಗ್ಯಾರಂಟಿ ಯೋಜನೆಗಳಿಗೆ ದುಡ್ಡು ಹೊಂದಿಸಬೇಕಾದ ಸರ್ಕಾರ ಇಂಥ ಆದಾಯವನ್ನು ತಾನಾಗಿ ಕಡಿಮೆ ಮಾಡಿಕೊಳ್ಳುವುದಿಲ್ಲ.

ಚೀನಾದಲ್ಲಿ ಇದು ಇನ್ನೂ ನೇರ. ಅಲ್ಲಿ ನಗರದ ನೆಲವೆಲ್ಲ ಸರ್ಕಾರದ್ದು. 1994ರ ತೆರಿಗೆ ಸುಧಾರಣೆಯಲ್ಲಿ ಆದಾಯದ ದೊಡ್ಡ ಭಾಗ ಕೇಂದ್ರಕ್ಕೆ ಹೋಯಿತು, ಖರ್ಚು ಸ್ಥಳೀಯ ಆಡಳಿತಗಳ ತಲೆ ಮೇಲೇ ಉಳಿಯಿತು. ಅವು ಹಳ್ಳಿಗರ ಜಮೀನನ್ನು ಕಡಿಮೆ ಪರಿಹಾರಕ್ಕೆ ಪಡೆದು, ಬಿಲ್ಡರುಗಳಿಗೆ ದೊಡ್ಡ ಬೆಲೆಗೆ ಗುತ್ತಿಗೆ ಕೊಟ್ಟು ಬೊಕ್ಕಸ ತುಂಬಿಕೊಂಡವು. 2021ರಲ್ಲಿ ಆ ಆದಾಯ 8.7 ಲಕ್ಷ ಕೋಟಿ ಯುವಾನ್ ಮುಟ್ಟಿತು. ಆಮೇಲೆ ಕುಸಿಯಿತು. ಖಾಲಿ ಅಪಾರ್ಟ್‌ಮೆಂಟುಗಳೂ ಸಾಲವೂ ಉಳಿದವು.

ನಮ್ಮಲ್ಲಿ ನೆಲ ಖಾಸಗಿ, ಹಾಗಾಗಿ ಸರ್ಕಾರ ಸ್ವಾಧೀನದ ದಾರಿ ಹಿಡಿಯುತ್ತದೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ (ಕೆಐಎಡಿಬಿ) ಕಾಯ್ದೆ ಕೈಗಾರಿಕೆಗೆ, 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಾಯ್ದೆ ಬಡಾವಣೆಗೆ. 2013ರಲ್ಲಿ ಕೇಂದ್ರ ತಂದ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಕೂಲಿಯವರು, ಗೇಣಿದಾರರೂ ಬಾಧಿತ ಕುಟುಂಬವಾಗಿ ಲೆಕ್ಕಕ್ಕೆ ಸಿಗಬೇಕು. ಈ ಎರಡು ಹಳೆ ಕಾಯ್ದೆಗಳ ದಾರಿಯಲ್ಲಿ ಹೋದರೆ ಆ ಕಷ್ಟ ಇಲ್ಲ. ಯಾವ ದಾರಿ ಆಯ್ದುಕೊಳ್ಳುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿ ಇದಕ್ಕೆ ಹತ್ತಿರದ ಉದಾಹರಣೆ. ಏರೋಸ್ಪೇಸ್ ಪಾರ್ಕಿಗೆಂದು 13 ಹಳ್ಳಿಗಳ 1,777 ಎಕರೆ. ತರಕಾರಿ, ಹೂವು, ದ್ರಾಕ್ಷಿ, ಹಾಲು ಬೆಂಗಳೂರಿಗೆ ಹೋಗುವ ಊರುಗಳು. ಅಂದರೆ ಇಲ್ಲಿ ರಾಗಿ ಹೊಲದ ಲೆಕ್ಕ ನಡೆಯುವುದಿಲ್ಲ. ದಿನಾ ಸಂತೆಗೆ ಮಾಲು ಹೋಗುವ ಜಮೀನು ಅದು. 2022ರ ಏಪ್ರಿಲಿನಲ್ಲಿ ಧರಣಿಗೆ ಕೂತ ರೈತರು ಮೂರು ವರ್ಷದ ಮೇಲೆ ಕೂತೇ ಇದ್ದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಹೇಳಿದರು. ಜೊತೆಗೇ, ಸ್ವಇಚ್ಛೆಯಿಂದ ಕೊಡುವವರು ಕೊಡಬಹುದು, ಹೆಚ್ಚಿನ ಬೆಲೆ ಕೊಡುತ್ತೇವೆ ಎಂದೂ ಹೇಳಿದರು. ಕೊಡುತ್ತೇವೆ ಎಂದು ಮುಂದೆ ಬಂದವರೂ ಇದ್ದಾರೆ. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಪಕ್ಕದ ಊರು ಆಗಲೇ ಹೋಗಿದೆ, ಇವತ್ತಲ್ಲ ನಾಳೆ ಹೋಗುತ್ತೆ ಎಂದು ಅನ್ನಿಸಿದವರು ಒಳ್ಳೆ ಬೆಲೆ ಸಿಕ್ಕಾಗ ಮಾರುತ್ತಾರೆ.

ಬಿಡಿಎಯ ಕಥೆಯಲ್ಲಿ ನಷ್ಟ ಬೇರೆ ತರಹ. ಶಿವರಾಮ ಕಾರಂತ ಬಡಾವಣೆಗೆ 17 ಹಳ್ಳಿಗಳ 3,546 ಎಕರೆಯ ಅಧಿಸೂಚನೆ ಬಂದದ್ದು 2008ರಲ್ಲಿ. ಹೈಕೋರ್ಟ್ ರದ್ದು ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಊರ್ಜಿತ ಮಾಡಿತು. ನಡುವಿನ ಹತ್ತು ವರ್ಷದಲ್ಲಿ ಅಲ್ಲಿ ರೆವಿನ್ಯೂ ಸೈಟುಗಳು ಮಾರಾಟವಾಗಿ ಮನೆಗಳೆದ್ದಿದ್ದವು. ಸರ್ಕಾರಿ ಸೈಟಿಗೆ ಅರ್ಜಿ ಹಾಕಿ ಕಾದವರಿಗೆ ತಲೆ ನರೆಯಿತು. ಕಾಯಲಾಗದವರು ಮಂಜೂರಾತಿ ಇಲ್ಲದ ಬಿ ಖಾತಾ ಸೈಟ್ ತೆಗೆದುಕೊಂಡು ಮನೆ ಕಟ್ಟಿದರು. ಅಕ್ರಮ ಬಡಾವಣೆ ಬೆಳೆದದ್ದು ಜನಕ್ಕೆ ಕಾನೂನು ಗೊತ್ತಿಲ್ಲದೆ ಅಲ್ಲ. 48 ಲಕ್ಷದ ಸೈಟ್ ಕೈಗೆಟುಕದವನಿಗೆ 30 ಲಕ್ಷದ್ದು ಎಟುಕುತ್ತದೆ, ಆಮೇಲೆ ಹೇಗೋ ಸರಿಯಾಗುತ್ತೆ ಎಂಬ ನಂಬಿಕೆ ಇದೆ.

ಆ ನಂಬಿಕೆ ಸುಳ್ಳಾಗಿಲ್ಲ ಎನ್ನುವುದೇ ದೊಡ್ಡ ಸಮಸ್ಯೆ. ಶುಲ್ಕ ಕಟ್ಟಿಸಿಕೊಂಡು ಅಕ್ರಮ ಸೈಟು, ಕಟ್ಟಡಗಳನ್ನು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದರೂ 2025ರ ಕೊನೆಯ ಹೊತ್ತಿಗೆ ಶುಲ್ಕ ಕಟ್ಟಿಸಿಕೊಂಡು ಬಿ ಖಾತಾವನ್ನು ಎ ಖಾತಾ ಮಾಡಿಕೊಡುವ ಯೋಜನೆ ಬಂತು. ಬಿ ಖಾತಾ ಮನೆಯಲ್ಲಿ ಇಪ್ಪತ್ತು ವರ್ಷ ತೆರಿಗೆ ಕಟ್ಟಿ, ಬ್ಯಾಂಕ್ ಸಾಲ ಸಿಗದೆ ಪರದಾಡಿದವರಿಗೆ ಇದು ನ್ಯಾಯವೇ. ಆದರೆ ಅದೇ ಸುದ್ದಿಯನ್ನು ಸರ್ಜಾಪುರದ ಆಚೆಯ ಬ್ರೋಕರೂ ಓದುತ್ತಾನೆ. ಇವತ್ತು ಅವನ ಹತ್ತಿರ ಸೈಟ್ ನೋಡಲು ಬಂದವರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಮಾತು ಬೇಕಾ?

ಊರೊಳಗೇ ಇನ್ನಷ್ಟು ಜನ ಇರುವಂತೆ ಮಾಡಬಹುದಿತ್ತು. ಎತ್ತರ ಕಟ್ಟಲು ಬಿಡುವುದು, ಮೆಟ್ರೊ ಪಕ್ಕದಲ್ಲಿ ಮನೆ ಹೆಚ್ಚಿಸುವುದು ಇತ್ಯಾದಿ. ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) ಕಡಿಮೆ ಇಟ್ಟಷ್ಟೂ ಊರು ಅಡ್ಡಕ್ಕೆ ಬೆಳೆಯುತ್ತದೆ ಎಂದು ಅರ್ಥಶಾಸ್ತ್ರಜ್ಞರು ಬೆಂಗಳೂರನ್ನೇ ಉದಾಹರಣೆಯಾಗಿಟ್ಟು ಬರೆದಿದ್ದಾರೆ. ನನಗೆ ಈ ವಾದ ಅರ್ಧ ಒಪ್ಪಿಗೆ. ಎಫ್‌ಎಆರ್ ಏರಿಸಿದರೆ ಸಾಲದು, ಆ ಬೀದಿಗೆ ನೀರು, ಒಳಚರಂಡಿಯೂ ಬೇಕು. ಮೊದಲ ಮೆಟ್ರೊ ರೈಲು ಓಡಿದ್ದು 2011ರಲ್ಲಿ. ಅಷ್ಟರೊಳಗೆ ಊರು ಬೈಕಿನ ಅಳತೆಗೆ ಬೆಳೆದಾಗಿತ್ತು. ಬಸ್ಸಿಲ್ಲದ ಜಾಗದಲ್ಲಿ ಸೈಟ್ ಕೊಳ್ಳುವ ಧೈರ್ಯ ಕೊಟ್ಟಿದ್ದೇ ಕಂತಿನಲ್ಲಿ ಸಿಗುವ ಬೈಕು. ಇನ್ನು ನಗರ ಯೋಜನೆಯ ಮಾತೆತ್ತಿದರೆ, ಈಗಲೂ ಆಧಾರವಾಗಿರುವ ಮಾಸ್ಟರ್ ಪ್ಲಾನಿನ ಗುರಿ ವರ್ಷ 2015. 2031ಕ್ಕೆಂದು ಮಾಡಿದ ಕರಡನ್ನು 2020ರಲ್ಲಿ ವಾಪಸ್ ಪಡೆದರು. ಯೋಜನೆ ಇಲ್ಲದ ಊರಿನಲ್ಲಿ ಯಾವ ಸರ್ವೆ ನಂಬರ್ ಮನೆ ಕಟ್ಟಬಹುದಾದ ‘ಯೆಲ್ಲೋ ಝೋನ್’, ಯಾವುದು ಕೃಷಿಗೆ ಬಿಟ್ಟ ಹಸಿರು ಎಂಬ ಮಾಹಿತಿಗೇ ಮಾರುಕಟ್ಟೆ ಬೆಲೆ.

2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಬೆಂಗಳೂರು ಗ್ರಾಮಾಂತರವನ್ನು ಬೆಂಗಳೂರು ಉತ್ತರ ಮಾಡಲು ಸಂಪುಟ ಒಪ್ಪಿತು. ಆ ಹೆಸರು ಬಂದರೆ ಭೂಮಿಗೆ ಬೆಲೆ ಬರುತ್ತೆ ಎಂಬ ವಾದ ಬಹಿರಂಗವಾಗಿಯೇ ನಡೆಯಿತು. ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಸದ್ಯಕ್ಕೆ ಹಳೆಯ ಗಡಿಯೊಳಗೇ, ಮುಂದೆ ಸುತ್ತಲಿನ ಪ್ರದೇಶ ಸೇರಿಸಲು ಕಾನೂನಿನಲ್ಲಿ ಜಾಗವಿದೆ. ಬಿಡದಿಯಲ್ಲಿ ಟೌನ್‌ಶಿಪ್‌ಗೆ ಸಾವಿರಾರು ಎಕರೆಯ ಸ್ವಾಧೀನ ಶುರುವಾಗಿದೆ. ಇದರ ಮೊದಲ ಪ್ರಸ್ತಾಪ 2006ರ ಸುಮಾರಿನದು. ಅಂದಿನಿಂದ ಬೈರಮಂಗಲ ಸುತ್ತಲಿನ ರೈತರು ಸ್ವಾಧೀನಕ್ಕೆ ಗುರುತಿಸಿದ ಜಾಗ, ರೆಡ್ ಝೋನ್ ಎನ್ನುವ ಹಣೆಪಟ್ಟಿ ಹೊತ್ತಿದ್ದಾರೆ. ಕೆಲವರು ಪರಿಹಾರ ಹೆಚ್ಚಿಸಿ, ಬೇಗ ಮುಗಿಸಿ ಎನ್ನುತ್ತಿದ್ದಾರೆ. ಇನ್ನು ಕೆಲವರು ತೆಂಗು, ರೇಷ್ಮೆ, ಹಸು ಬಿಟ್ಟು ಎಲ್ಲಿಗೆ ಹೋಗೋಣ ಎಂದು ಧರಣಿ ಕೂತಿದ್ದಾರೆ. ಈ ಎರಡೂ ಗುಂಪಿನವರ ಹತ್ತಿರ ಪಹಣಿ ಇದೆ, ಹಾಗಾಗಿ ಸರ್ಕಾರ ಮಾತಿಗೆ ಕೂರಲೇಬೇಕು. ಅವರ ತೋಟದಲ್ಲಿ ಸೊಪ್ಪು ಕೀಳುವ, ಹಾಲು ಕರೆಯುವ, ಹುಳು ಸಾಕುವ ಮನೆಗಳಲ್ಲಿ ಪಹಣಿ ಇಲ್ಲ. ಎಕರೆಗೆ ಎಷ್ಟು ಕೋಟಿ ಎಂದು ನಡೆಯುವ ಚೌಕಾಸಿಯಲ್ಲಿ ಅವರಿಗೆ ಕುರ್ಚಿ ಹಾಕಿದವರು ಇನ್ನೂ ಯಾರೂ ಇಲ್ಲ.